ಸಹಿಗಷ್ಟೇ ಪಾಲುದಾರಳೇ?

ಪದವಿ ತರಗತಿಗಳ ಕೊನೆಯ ಪರೀಕ್ಷೆಗೆ ಮುನ್ನ ನಡೆಯುವ ಬೀಳ್ಕೊಡುಗೆ ಸಮಾರಂಭಗಳಲ್ಲಿ ವಾಣಿಜ್ಯ ಮತ್ತು ವ್ಯವಹಾರ ನಿರ್ವಹಣೆಯ ವಿದ್ಯಾರ್ಥಿನಿಯರು ಆಡುವ ಮಾತುಗಳನ್ನು ಊರಿನ ವರ್ತಕರು ಕೇಳುವ ಸಂದರ್ಭ ಬರುವುದು ಅಪರೂಪ. ಆಡಳಿತ ಮಂಡಳಿಯಲ್ಲಿರುವ ನಾಲ್ಕಾರು ಹಿರಿಯ ವ್ಯಾಪಾರಸ್ಥರು ವೇದಿಕೆಯ ಮೇಲೆ ಆಸೀನರಾಗಿರುತ್ತಾರೆ, ನಿಜ. ಆದರೆ ಹಾರ-ತುರಾಯಿ ಮುಗಿದೊಡನೆ ಅಂಗಡಿಯ ನೆನಪಾಗಿ ಎದ್ದು ಹೋಗುವುದೇ ವಾಡಿಕೆ. ಇನ್ನೊಂದು ಗಂಟೆ ಕುಳಿತಿದ್ದರೆ ತಮ್ಮ ವ್ಯವಹಾರಕ್ಕೆ ನೇರವಾಗಿ ಸಂಬಂಧಿಸಿದ ಕೆಲವು ಸಂಗತಿಗಳು ಅವರ ಕಿವಿಗೆ ಬೀಳುತ್ತಿದ್ದವು.

ಬಿ.ಕಾಂ. ಹಾಗೂ ಹಿಂದೆ ಅನೇಕ ಕಡೆ ಬಿ.ಬಿ.ಎಂ. ಎನಿಸಿಕೊಂಡು ಈಗ ಬಿ.ಬಿ.ಎ. ಆಗಿರುವ ತರಗತಿಗಳ ಹುಡುಗಿಯರು ಮೂರು ವರ್ಷಗಳನ್ನು ಮೆಲುಕು ಹಾಕುವಾಗ ಮೊದಲು ಬರುವುದು ಎಲ್ಲರಿಗೂ ತಿಳಿದಿರುವ ವಿಷಯಗಳೇ: ತಾಲ್ಲೂಕಿನಿಂದ ಬರುವ ಬೆಳಗಿನ ಬಸ್ಸು, ಹಾಸ್ಟೆಲ್ಲಿನ ಊಟ, ತಾಳೆಯಾಗದ ತಾಳೆ ಪಟ್ಟಿ, ಅಂತರ ಕಾಲೇಜು ಸ್ಪರ್ಧೆಗಳಲ್ಲಿ ಗೆದ್ದ ಫಲಕ. ಅದರ ನಂತರ ಬರುವ ಮಾತು ಕಾಲೇಜಿನ ಮಹಿಳಾ ವೇದಿಕೆಯದು. ಕೆಲವೆಡೆ ಅದನ್ನು ಮಹಿಳಾ ಘಟಕವೆನ್ನುತ್ತಾರೆ, ಕೆಲವೆಡೆ ಮಹಿಳಾ ಸಂಘವೆನ್ನುತ್ತಾರೆ. ಹಲವು ಹುಡುಗಿಯರ ಅನುಭವದಲ್ಲಿ ನಾಲ್ಕು ಜನರ ಮುಂದೆ ನಿಂತು ಲೆಕ್ಕ ಒಪ್ಪಿಸಿದ್ದು, ಲೆಕ್ಕ ಕೇಳಿದ್ದು ಅಲ್ಲಿಯೇ ಮೊದಲು.

ವ್ಯವಹಾರ ಶಿಕ್ಷಣದಲ್ಲಿ ಮಹಿಳೆಯರು ತಮ್ಮದೇ ಸಂಘ ಕಟ್ಟಿಕೊಳ್ಳುವುದು ಹೊಸ ಸಂಗತಿಯಲ್ಲ. ಅಮೆರಿಕದ ಹಾರ್ವರ್ಡ್ ವಾಣಿಜ್ಯ ಶಾಲೆ ಎರಡು ವರ್ಷಗಳ ಎಂ.ಬಿ.ಎ. ವ್ಯಾಸಂಗದ ಮೊದಲ ವರ್ಷಕ್ಕೇ ಮಹಿಳೆಯರನ್ನು ಸೇರಿಸಿಕೊಂಡದ್ದು 1963ರಲ್ಲಿ. ಆ ತಂಡದಲ್ಲಿದ್ದವರು 8 ಮಂದಿ. ಅಂತಹ ಕಡೆಗಳಲ್ಲಿ ಸಂಖ್ಯೆ ಕಡಿಮೆಯಿದ್ದುದರಿಂದ ಪರಸ್ಪರ ಆಸರೆಗಾಗಿ ಸಂಘ ಬೇಕಾಯಿತು. ನಮ್ಮಲ್ಲಿ ಪರಿಸ್ಥಿತಿ ಬೇರೆ. ವಾಣಿಜ್ಯ ತರಗತಿಗಳಲ್ಲಿ ಹುಡುಗಿಯರೇ ಅರ್ಧಕ್ಕೂ ಹೆಚ್ಚಾಗಿರುವ ಕಾಲೇಜುಗಳು ಇಂದು ಜಿಲ್ಲಾ ಕೇಂದ್ರಗಳಲ್ಲಿಯೂ ಇವೆ. ಬೆಂಗಳೂರಿನಲ್ಲಿ ಮಹಿಳಾ ಉದ್ಯಮಿಗಳ ಸಂಘಟನೆಯಾದ ‘ಅವೇಕ್’ 1983ರಲ್ಲಿಯೇ ಸ್ಥಾಪನೆಯಾಗಿದೆ. ದೇಶದ ಮೊದಲ ಮಹಿಳಾ ಲೆಕ್ಕಪರಿಶೋಧಕಿ ಎಂದು ಗುರುತಿಸಲ್ಪಡುವ ಚೆನ್ನೈನ ಆರ್. ಶಿವಭೋಗಂ ಅವರು ತೇರ್ಗಡೆಯಾದದ್ದು ಸ್ವಾತಂತ್ರ್ಯಕ್ಕೂ ಮುಂಚೆ, 1933ರಲ್ಲಿ. ನಮ್ಮ ಹುಡುಗಿಯರು ತರಗತಿಯಲ್ಲಿ ಒಂಟಿಯಾಗಿಲ್ಲ. ಅವರು ಒಂಟಿಯಾಗುವುದು ಪದವಿ ಮುಗಿಸಿ ಮನೆಗೆ ಬಂದ ಮೇಲೆ.

ಎಲ್ಲ ಮಹಿಳಾ ವೇದಿಕೆಗಳೂ ಹೊಗಳಿಕೆಗೆ ಅರ್ಹವೆಂದು ಹೇಳಲಾಗದು. ಮಾರ್ಚ್ 8ರಂದು ಮುಖ್ಯ ಅತಿಥಿಯನ್ನು ಕರೆಸಿ, ರಂಗೋಲಿ ಸ್ಪರ್ಧೆ ನಡೆಸಿ, ಪತ್ರಿಕೆಗೆ ಭಾವಚಿತ್ರ ಕಳುಹಿಸಿ ವರ್ಷವಿಡೀ ನಿದ್ರಿಸುವ ವೇದಿಕೆಗಳು ಬೇಕಾದಷ್ಟಿವೆ. ಅವುಗಳಿಂದ ಹೂವಿನ ವ್ಯಾಪಾರಿಗೆ ಲಾಭ. ಹುಡುಗಿಯರ ಕೈಗೇ ರಶೀದಿ ಪುಸ್ತಕ, ನಗದು ಪುಸ್ತಕ ಹಾಗೂ ಖರ್ಚಿನ ಅಧಿಕಾರ ಕೊಟ್ಟಿರುವ ವೇದಿಕೆಗಳ ಕಥೆ ಬೇರೆ.

ಇಂತಹ ವೇದಿಕೆಯೊಂದು ಕಾಲೇಜಿನ ಸಂತೆಯ ದಿನ ತಿಂಡಿಯ ಮಳಿಗೆ ಹಾಕಿತೆಂದು ಭಾವಿಸೋಣ. ಸಾಮಗ್ರಿಗೆ ಕೊಟ್ಟ ನಗದು ರೂ. 4,200. ಸಂಜೆ ಗಲ್ಲಾದಲ್ಲಿ ಎಣಿಸಿದಾಗ ಬಂದಿರುವ ಹಣ ರೂ. 6,900. ಲಾಭ ರೂ. 2,700 ಎಂದು ಸಂಭ್ರಮಿಸುವಷ್ಟರಲ್ಲಿ ಗ್ಯಾಸಿನವನಿಗೆ ರೂ. 950 ಹಾಗೂ ಶಾಮಿಯಾನದ ಪಾಲು ರೂ. 800 ಕೊಡಬೇಕಾದದ್ದು ನೆನಪಾಗುತ್ತದೆ. ಇನ್ನೊಂದು ಕಡೆ ರೂ. 750ರ ತಿಂಡಿ ಉದ್ರಿ ಹೋಗಿದೆ (ಉದ್ರಿ ತಿಂದವರು ಬಹುತೇಕ ಉಪನ್ಯಾಸಕರೇ ಎಂಬುದನ್ನು ಬೇರೆ ಹೇಳಬೇಕಿಲ್ಲ). ಉದ್ರಿ ವಸೂಲಾದರೆ ನಿಜವಾದ ಲಾಭ ರೂ. 1,700, ಆಗದಿದ್ದರೆ ರೂ. 950. ಕೈಯಲ್ಲಿರುವ ಹಣ ಬೇರೆ, ಗಳಿಸಿದ ಲಾಭ ಬೇರೆ ಎಂಬುದು ಪಠ್ಯಪುಸ್ತಕದಲ್ಲಿ ಅರ್ಥವಾಗದವಳಿಗೂ ಆ ಸಂಜೆ ಅರ್ಥವಾಗಿರುತ್ತದೆ. ಮೂವತ್ತು ವರ್ಷ ಅಂಗಡಿ ನಡೆಸಿಯೂ ಈ ವ್ಯತ್ಯಾಸ ಮನಸ್ಸಿಗೆ ಹತ್ತದ ವರ್ತಕರು ಪ್ರತಿಯೊಂದು ಪೇಟೆಯಲ್ಲಿಯೂ ಇದ್ದಾರೆ.

ಹೀಗೆ ತರಬೇತಾದ ಹುಡುಗಿ ಪದವಿಯೊಂದಿಗೆ ಮನೆಗೆ ಬರುತ್ತಾಳೆ. ತಂದೆಯದು ದಲಾಲಿ ಮಂಡಿಯೋ, ಅಕ್ಕಿ ಗಿರಣಿಯೋ, ಬಿಡಿಭಾಗ ತಯಾರಿಸುವ ಸಣ್ಣ ಕಾರ್ಖಾನೆಯೋ ಇರಬಹುದು. ಅನೇಕ ಮನೆಗಳಲ್ಲಿ ಆಕೆ ಆಗಲೇ ಪಾಲುದಾರಳಾಗಿರುತ್ತಾಳೆ. ಆದರೆ ಆ ವಿಷಯ ಆಕೆಗೇ ಸರಿಯಾಗಿ ತಿಳಿದಿರುವುದಿಲ್ಲ. ತೆರಿಗೆಯ ಭಾರ ಹಂಚಿಹೋಗಲೆಂದೋ, ಬ್ಯಾಂಕಿನವರು ಕೇಳಿದರೆಂದೋ ತಾಯಿಯ ಹೆಸರೂ ಮಗಳ ಹೆಸರೂ ಪಾಲುದಾರಿಕೆ ಪತ್ರದಲ್ಲಿ ಸೇರಿರುತ್ತವೆ. ಗುಮಾಸ್ತರು ಪೆನ್ಸಿಲ್ಲಿನಿಂದ ಗುರುತು ಮಾಡಿದ ಜಾಗದಲ್ಲಿ ಸಹಿ ಹಾಕುವುದಷ್ಟೇ ಆಕೆಯ ಕೆಲಸ. ಸೋಮವಾರ ಕಾಲೇಜಿನಲ್ಲಿ ರೂ. 950ರ ವೋಚರ್ ಇಲ್ಲದೆ ಖರ್ಚನ್ನು ಒಪ್ಪದಿದ್ದವಳು ಭಾನುವಾರ ಮನೆಯಲ್ಲಿ ಖಾಲಿ ಚೆಕ್ ಪುಸ್ತಕಕ್ಕೆ ಇಡಿಯಾಗಿ ಸಹಿ ಹಾಕಿಕೊಡುತ್ತಾಳೆ.

ಇದನ್ನು ಮನೆಯೊಳಗಿನ ಹೊಂದಾಣಿಕೆಯೆಂದು ತಳ್ಳಿಹಾಕಲು ಕಾನೂನು ಬಿಡುವುದಿಲ್ಲ. 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ 25ನೇ ಕಲಮಿನ ಪ್ರಕಾರ ಸಂಸ್ಥೆಯ ಸಾಲಕ್ಕೆ ಪ್ರತಿಯೊಬ್ಬ ಪಾಲುದಾರನೂ ಜಂಟಿಯಾಗಿಯೂ ಪ್ರತ್ಯೇಕವಾಗಿಯೂ ಹೊಣೆ. ಶೇಕಡ 10ರ ಪಾಲು ಇದ್ದವಳಿಂದಲೂ ಪೂರ್ತಿ ಸಾಲವನ್ನು ವಸೂಲು ಮಾಡಬಹುದು. ಜಿ.ಎಸ್.ಟಿ. ಬಾಕಿಯ ಬಗ್ಗೆ 2017ರ ಕೇಂದ್ರ ಕಾಯ್ದೆಯ 90ನೇ ಕಲಂ ಇದೇ ಮಾತನ್ನು ಹೇಳುತ್ತದೆ. ಚೆಕ್ಕು ವಾಪಸಾದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನಡಿ ನ್ಯಾಯಾಲಯದ ಕಟಕಟೆಗೆ ಬರಬೇಕಾದವರಲ್ಲಿ ಸಹಿ ಮಾಡಿದವಳೂ ಒಬ್ಬಳು. ಶಿಕ್ಷೆ 2 ವರ್ಷದವರೆಗೆ ಸೆರೆವಾಸ ಅಥವಾ ಚೆಕ್ಕಿನ ಮೊತ್ತದ ಎರಡರಷ್ಟರವರೆಗೆ ದಂಡ, ಅಥವಾ ಎರಡೂ. ಖಾಲಿ ಚೆಕ್ಕಿಗೆ ಸಹಿ ಮಾಡಿ ಸ್ವಇಚ್ಛೆಯಿಂದ ಕೊಟ್ಟವರ ವಿರುದ್ಧವೂ ಕಾನೂನಿನ ಪೂರ್ವಗ್ರಹಿಕೆ ಅನ್ವಯಿಸುತ್ತದೆಂದು ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ಬೀರ್ ಸಿಂಗ್ ವಿರುದ್ಧ ಮುಕೇಶ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಇನ್ನೂ ಸೂಕ್ಷ್ಮವಾದದ್ದು 30ನೇ ಕಲಂ. ಮಗಳು ಅಪ್ರಾಪ್ತ ವಯಸ್ಕಳಾಗಿದ್ದಾಗ ಆಕೆಯನ್ನು ಲಾಭದ ಪಾಲಿಗೆ ಮಾತ್ರ ಸೇರಿಸಿಕೊಳ್ಳುವ ಪದ್ಧತಿ ನಮ್ಮ ಪೇಟೆಗಳಲ್ಲಿ ಹಳೆಯದು. ಆಕೆಗೆ 18 ತುಂಬಿದ ಮೇಲೆ, ಅಥವಾ ತನ್ನನ್ನು ಹಾಗೆ ಸೇರಿಸಿಕೊಂಡಿರುವುದು ಆಕೆಗೆ ತಿಳಿದ ಮೇಲೆ, ಯಾವುದು ತಡವೋ ಅಲ್ಲಿಂದ 6 ತಿಂಗಳೊಳಗೆ ತಾನು ಪಾಲುದಾರಳಾಗುವೆನೋ ಇಲ್ಲವೋ ಎಂಬುದನ್ನು ಸಾರ್ವಜನಿಕ ನೋಟೀಸಿನ ಮೂಲಕ ತಿಳಿಸಬೇಕು. ಸುಮ್ಮನಿದ್ದರೆ ತಾನಾಗಿಯೇ ಪೂರ್ಣ ಪಾಲುದಾರಳು. ಅಷ್ಟೇ ಅಲ್ಲ, ಮೊದಲು ಲಾಭಕ್ಕೆ ಸೇರಿದ ದಿನದಿಂದ ಸಂಸ್ಥೆ ಮಾಡಿದ ಎಲ್ಲ ವ್ಯವಹಾರಗಳಿಗೂ ಹೊರಗಿನವರಿಗೆ ಸ್ವಂತವಾಗಿ ಹೊಣೆ. ಹದಿನೆಂಟು ತುಂಬುವುದು ಸಾಮಾನ್ಯವಾಗಿ ಪದವಿಯ ಮೊದಲ ವರ್ಷದಲ್ಲಿ. ಕಾಲೇಜಿನಲ್ಲಿ ಪಾಲುದಾರಿಕೆಯ ಪಾಠ ಕೇಳುತ್ತಿರುವಾಗಲೇ ಆ ಗಡುವು ಆಕೆಯ ಅರಿವಿಗೆ ಬಾರದೆ ಕಳೆದುಹೋಗಿರಬಹುದು.

ಹೊಣೆಯ ಇನ್ನೊಂದು ಮಗ್ಗುಲು ಹಕ್ಕು. ಅದೇ ಕಾಯ್ದೆಯ 12ನೇ ಕಲಂ ಪ್ರತಿಯೊಬ್ಬ ಪಾಲುದಾರನಿಗೂ ಲೆಕ್ಕದ ಪುಸ್ತಕಗಳನ್ನು ನೋಡುವ, ಪರಿಶೀಲಿಸುವ ಹಾಗೂ ಪ್ರತಿ ತೆಗೆದುಕೊಳ್ಳುವ ಹಕ್ಕನ್ನು ನೀಡಿದೆ. ಅಢಾವೆ ಪತ್ರಿಕೆ ತೋರಿಸಿರೆಂದು ಮಗಳು ಕೇಳಿದರೆ ‘ನಿನಗೇಕಮ್ಮ ಅದೆಲ್ಲ?’ ಎನ್ನುವ ತಂದೆ ಪ್ರೀತಿಯಿಂದಲೇ ಹಾಗೆ ಹೇಳುತ್ತಿರಬಹುದು. ಆದರೆ ಕಾಯ್ದೆಯಲ್ಲಿ ಆ ಪ್ರಶ್ನೆಗೆ ಎಡೆಯಿಲ್ಲ. ಮಗಳ ಹೆಸರು ಬೇಕಾದಲ್ಲಿ ಪುಸ್ತಕವನ್ನೂ ಆಕೆಯ ಕೈಗೆ ಕೊಡಬೇಕು. ಪುಸ್ತಕ ಕೊಡಲು ಮನಸ್ಸಿಲ್ಲದಿದ್ದರೆ ಹೆಸರನ್ನು ತೆಗೆಯಬೇಕು.

ಸರ್ಕಾರದ ರಿಯಾಯಿತಿಗಳು ಈ ಪ್ರಶ್ನೆಯನ್ನು ಇನ್ನಷ್ಟು ಹರಿತಗೊಳಿಸಿವೆ. ಕೇಂದ್ರ ಸರ್ಕಾರದ ಇಲಾಖೆಗಳು ಮತ್ತು ಉದ್ದಿಮೆಗಳು ತಮ್ಮ ಖರೀದಿಯ ಶೇಕಡ 25ನ್ನು ಅತಿ ಸಣ್ಣ ಮತ್ತು ಸಣ್ಣ ಉದ್ಯಮಗಳಿಂದ ಮಾಡಬೇಕೆಂದೂ, ಅದರೊಳಗೆ ಶೇಕಡ 3 ಮಹಿಳೆಯರ ಒಡೆತನದ ಉದ್ಯಮಗಳಿಂದ ಆಗಬೇಕೆಂದೂ 2018ರ ತಿದ್ದುಪಡಿ ಹೇಳಿತು. ಪಾಲುದಾರಿಕೆ ಸಂಸ್ಥೆಯಾದರೆ ಕನಿಷ್ಠ ಶೇಕಡ 51ರ ಪಾಲು ಮಹಿಳೆಯರದಾಗಿರಬೇಕು. ಉದ್ದೇಶ ಒಳ್ಳೆಯದೇ. ಆದರೆ ಪತ್ರದಲ್ಲಿ ಶೇಕಡ 51 ಬರೆದು, ಟೆಂಡರಿನ ಕಾಗದ ತೆರೆದೇ ನೋಡದ ಒಡತಿಯರನ್ನು ಸೃಷ್ಟಿಸುವ ಜಾಣತನ ನಮ್ಮ ಕೈಗಾರಿಕಾ ವಸಾಹತುಗಳಲ್ಲಿ ಇಲ್ಲವೆಂದು ಯಾರೂ ಎದೆತಟ್ಟಿ ಹೇಳಲಾರರು. ಪಾಲು ಹೆಚ್ಚಾದಷ್ಟೂ ಪತ್ರದ ಮೇಲೆ ನಷ್ಟದ ಪಾಲೂ ಹೆಚ್ಚು ಎಂಬುದನ್ನು ಆ ಒಡತಿಗೆ ತಿಳಿಸಿದವರು ಯಾರು?

ತೆರಿಗೆಯ ಕಾನೂನು ಮಾತ್ರ ಈ ವಿಷಯದಲ್ಲಿ ನಿಜವಾದ ದುಡಿಮೆಯ ಪರವಾಗಿದೆ. ಪಾಲುದಾರರಿಗೆ ಕೊಡುವ ಸಂಭಾವನೆಯನ್ನು ವೆಚ್ಚವೆಂದು ಒಪ್ಪಬೇಕಾದರೆ ಆ ಪಾಲುದಾರ ವ್ಯವಹಾರದಲ್ಲಿ ಸಕ್ರಿಯವಾಗಿ ತೊಡಗಿರಬೇಕು. ಪತಿಗೆ ಗಣನೀಯ ಹಿತಾಸಕ್ತಿಯಿರುವ ಸಂಸ್ಥೆಯಿಂದ ಪತ್ನಿ ಪಡೆದ ಸಂಬಳ ಪತಿಯ ಆದಾಯಕ್ಕೇ ಸೇರುತ್ತದೆ. ಆಕೆಗೆ ತಾಂತ್ರಿಕ ಅಥವಾ ವೃತ್ತಿಪರ ಅರ್ಹತೆಯಿದ್ದು, ಸಂಬಳವು ಆ ಜ್ಞಾನ ಹಾಗೂ ಅನುಭವದ ಫಲವೇ ಆಗಿದ್ದರೆ ಮಾತ್ರ ವಿನಾಯಿತಿ. 1961ರ ಕಾಯ್ದೆಯ ಈ ತತ್ವವನ್ನು 2025ರ ಹೊಸ ಆದಾಯ ತೆರಿಗೆ ಕಾಯ್ದೆಯೂ ಉಳಿಸಿಕೊಂಡಿದೆ. ಪ್ರಾಪ್ತ ವಯಸ್ಕಳಾದ ಮಗಳಿಗೆ ಕೆಲಸಕ್ಕೆ ತಕ್ಕ ಸಂಬಳ ಕೊಟ್ಟರೆ ಈ ತೊಡಕೂ ಇಲ್ಲ. ಹೊರಗಿನ ಲೆಕ್ಕಿಗನಿಗೆ ತಿಂಗಳು ತಿಂಗಳೂ ಸಂಬಳ ಕೊಡುವ ವರ್ತಕರು, ಅದೇ ಪದವಿ ಪಡೆದ ಮಗಳು ಮನೆಯಲ್ಲಿ ಕುಳಿತಿದ್ದರೂ ಅಂಗಡಿಯಲ್ಲಿ ಆಕೆಗೊಂದು ಮೇಜು ಹಾಕಿಸದಿರುವುದು ಸೋಜಿಗ.

ಮಗಳು ನಾಳೆ ಮದುವೆಯಾಗಿ ಹೋಗುವವಳು ಎಂಬ ಆಕ್ಷೇಪ ಬಂದೇ ಬರುತ್ತದೆ. ಅದನ್ನು ಹಗುರವಾಗಿ ಕಾಣುವುದು ಸರಿಯಲ್ಲ. ಕಲಿಸಿದ ಕೈ ನಡುವೆ ಬಿಟ್ಟುಹೋದರೆ ಸಣ್ಣ ವ್ಯವಹಾರಕ್ಕೆ ನಿಜಕ್ಕೂ ಪೆಟ್ಟು. ಆದರೆ ಮಗ ಊರಲ್ಲೇ ಇರುವನೆಂಬ ಖಾತರಿ ಯಾವ ಪತ್ರದಲ್ಲಿದೆ? ಇಂಜಿನಿಯರಿಂಗ್ ಓದಿದ ಗಂಡುಮಕ್ಕಳು ಬೆಂಗಳೂರಿಗೋ ಹೊರದೇಶಕ್ಕೋ ಹೋಗಿ, ಬಾಗಿಲು ಹಾಕಿದ ಮಂಡಿಗಳು ಪ್ರತಿ ಎ.ಪಿ.ಎಂ.ಸಿ. ಪ್ರಾಂಗಣದಲ್ಲಿಯೂ ಕಾಣಸಿಗುತ್ತವೆ. ಬೆಳಗಿನ ಜಾವದ ಲಾರಿ, ಹಮಾಲರ ಗದ್ದಲ, ಹರಾಜಿನ ಕೂಗಾಟ ಹುಡುಗಿಗೆ ಒಗ್ಗುವುದಿಲ್ಲವೆನ್ನುವವರೂ ಇದ್ದಾರೆ. ವ್ಯವಹಾರವೆಂದರೆ ಅದಿಷ್ಟೇ ಅಲ್ಲ. ಉದ್ರಿಯ ವಸೂಲಿ, ಜಿ.ಎಸ್.ಟಿ. ವಿವರಪಟ್ಟಿ, ಬ್ಯಾಂಕಿನ ದಾಸ್ತಾನು ತಖ್ತೆ, ಖರೀದಿದಾರರೊಡನೆ ಪತ್ರವ್ಯವಹಾರ ಇವುಗಳಿಗೆ ಮೇಜು, ಗಣಕಯಂತ್ರ ಹಾಗೂ ಹಟ ಸಾಕು. ಮೂರನೆಯದನ್ನು ಮಹಿಳಾ ವೇದಿಕೆಗಳು ಸಾಕಷ್ಟು ಕಲಿಸಿವೆ.

ಕುಟುಂಬದ ಆಸ್ತಿಯೂ ಈಗ ಹಿಂದಿನಂತಿಲ್ಲ. ಕರ್ನಾಟಕವು 1994ರಲ್ಲಿಯೇ, ಆಗ ಅವಿವಾಹಿತರಾಗಿದ್ದ ಹೆಣ್ಣುಮಕ್ಕಳಿಗೆ ಹಿಂದೂ ಅವಿಭಕ್ತ ಕುಟುಂಬದ ಸ್ವತ್ತಿನಲ್ಲಿ ಸಮಪಾಲು ನೀಡಿತ್ತು. 2005ರ ಕೇಂದ್ರ ತಿದ್ದುಪಡಿ ಅದನ್ನು ದೇಶಕ್ಕೆಲ್ಲ ವಿಸ್ತರಿಸಿತು. 2020ರ ವಿನೀತಾ ಶರ್ಮಾ ಪ್ರಕರಣದ ತೀರ್ಪಿನ ನಂತರ, ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆಂಬುದರಲ್ಲಿ ಸಂದೇಹ ಉಳಿದಿಲ್ಲ. ಮಂಡಿಯ ಬಂಡವಾಳ ಅವಿಭಕ್ತ ಕುಟುಂಬದ್ದಾಗಿರುವಲ್ಲಿ ಮಗಳು ಒಂದಲ್ಲ ಒಂದು ದಿನ ಲೆಕ್ಕ ಕೇಳುವವಳೇ. ಲೆಕ್ಕ ಬರೆಯುತ್ತ ಬಂದವಳು ಕೇಳುವ ಪ್ರಶ್ನೆಗೂ, ಇಪ್ಪತ್ತು ವರ್ಷ ಏನನ್ನೂ ತೋರಿಸದೆ ಇಟ್ಟವಳು ವಕೀಲರ ಮೂಲಕ ಕೇಳಿಸುವ ಪ್ರಶ್ನೆಗೂ ಅಂತರವಿದೆ.

ವಾಣಿಜ್ಯ ಸಂಸ್ಥೆಗಳು ಇಲ್ಲಿ ಮಾಡಬಹುದಾದದ್ದು ದೊಡ್ಡದೇನಲ್ಲ. ಕೊನೆಯ ವರ್ಷದ ವಿದ್ಯಾರ್ಥಿನಿಯರಿಗೆ ಎರಡು ತಿಂಗಳ ಕಾಲ ಸದಸ್ಯರ ಅಂಗಡಿ ಹಾಗೂ ಕಾರ್ಖಾನೆಗಳಲ್ಲಿ ಲೆಕ್ಕಪತ್ರದ ತರಬೇತಿ ಏರ್ಪಡಿಸಬಹುದು. ಸಾಧ್ಯವಾದರೆ ಸ್ವಂತ ಮನೆಯ ಅಂಗಡಿಯನ್ನು ಬಿಟ್ಟು ಬೇರೆಯವರಲ್ಲಿ, ಏಕೆಂದರೆ ಅಪ್ಪನ ಗಲ್ಲಾದ ಮುಂದೆ ಪ್ರಶ್ನೆ ಕೇಳುವುದು ಕಷ್ಟ. ಕಾಲೇಜಿನ ಮಹಿಳಾ ವೇದಿಕೆಗಳಿಗೆ ಪ್ರಾಯೋಜಕತ್ವದ ಬ್ಯಾನರ್ ಕೊಡುವ ಬದಲು ಪಾಲುದಾರಿಕೆ ಪತ್ರವನ್ನು ಓದುವುದು ಹೇಗೆಂದು ತಿಳಿಸುವ ಒಂದು ಮಧ್ಯಾಹ್ನವನ್ನು ಕೊಡಬಹುದು.

ಪತ್ರದಲ್ಲಿ ಹೆಸರಿರುವ ಮಗಳು ಈಗಾಗಲೇ ಮದುವೆಯಾಗಿ ಬೇರೆ ಊರಿನಲ್ಲಿದ್ದು, ವ್ಯವಹಾರದಲ್ಲಿ ಮುಂದುವರಿಯಲು ಆಕೆಗೆ ಇಷ್ಟವಿಲ್ಲದಿದ್ದರೆ, ಬಿಡುಗಡೆಯನ್ನು ಬಾಯಿಮಾತಿನಲ್ಲಿ ಮುಗಿಸಲಾಗದು. ನಿವೃತ್ತಿ ಪತ್ರವಾಗಬೇಕು, ಸಾರ್ವಜನಿಕ ನೋಟೀಸು ಹೊರಡಬೇಕು, ನೋಂದಾಯಿತ ಸಂಸ್ಥೆಯಾದರೆ ರಿಜಿಸ್ಟ್ರಾರರಿಗೆ ತಿಳಿಸಬೇಕು, ಬ್ಯಾಂಕಿನ ಸಹಿ ನಮೂನೆ ಬದಲಾಗಬೇಕು. ಜಿ.ಎಸ್.ಟಿ. ಆಯುಕ್ತರಿಗೆ ನಿವೃತ್ತಿಯಾದ ಒಂದು ತಿಂಗಳೊಳಗೆ ಲಿಖಿತ ಸೂಚನೆ ತಲುಪದಿದ್ದರೆ, ಅದು ತಲುಪುವ ದಿನದವರೆಗಿನ ತೆರಿಗೆಗೆ ಆಕೆಯೇ ಹೊಣೆಯಾಗಿ ಉಳಿಯುತ್ತಾಳೆ. ಬಾಕಿಯ ನೋಟೀಸು ಹೋಗುವುದು ಆಕೆಯ ಗಂಡನ ಮನೆಯ ವಿಳಾಸಕ್ಕೆ.