ಜಾವಾದ ಹಳ್ಳಿಗರಿಗೆ ಹಕ್ಕುಪತ್ರ ತಂದದ್ದೇನು?

ಇಂಡೊನೇಷ್ಯಾದ ಮಧ್ಯ ಜಾವಾ ಪ್ರಾಂತ್ಯದಲ್ಲಿರುವ ಪಾಟಿ ಜಿಲ್ಲೆಯ ಹೆಸರು ನಮ್ಮ ಓದುಗರಲ್ಲಿ ಹೆಚ್ಚಿನವರಿಗೆ ಅಪರಿಚಿತ. 2025ರ ಆಗಸ್ಟ್ 13ರಂದು ಅಲ್ಲಿನ ಜಿಲ್ಲಾ ಕೇಂದ್ರದಲ್ಲಿ ಸಾವಿರಾರು ಜನ ನೆರೆದು ಚುನಾಯಿತ ಜಿಲ್ಲಾ ಮುಖ್ಯಸ್ಥರ ರಾಜೀನಾಮೆಗೆ ಪಟ್ಟು ಹಿಡಿದರು. ಭೂಮಿ ಮತ್ತು ಕಟ್ಟಡ ತೆರಿಗೆಯನ್ನು ಶೇ 250ರವರೆಗೆ ಏರಿಸುವ ತೀರ್ಮಾನವೇ ಈ ಆಕ್ರೋಶದ ಮೂಲ. ಪ್ರತಿಭಟನೆಗೆ ಕೆಲವು ದಿನ ಮೊದಲೇ ಏರಿಕೆಯನ್ನು ಹಿಂದಕ್ಕೆ ಪಡೆಯಲಾಗಿತ್ತಾದರೂ ಜನರ ಕೋಪ ತಣಿದಿರಲಿಲ್ಲ. ಜಿಲ್ಲಾ ಮುಖ್ಯಸ್ಥರಿಗೆ ಅಲ್ಲಿ 'ಬುಪಾಟಿ' ಎಂದು ಹೆಸರು; ಅದು ಸಂಸ್ಕೃತದ 'ಭೂಪತಿ'ಯೇ. ತೆರಿಗೆಯ ಹೆಸರಿನಲ್ಲಿರುವ 'ಬುಮಿ' ನಮ್ಮ 'ಭೂಮಿ'. ಹಳ್ಳಿಗೆ ಅಲ್ಲಿ 'ದೇಸ' ಎನ್ನುತ್ತಾರೆ. ಹೀಗೆ ಪದಗಳು ನಮಗೆ ಹತ್ತಿರದವು. ಆ ಪದಗಳ ಹಿಂದಿರುವ ಸಮಸ್ಯೆಯೂ ದೂರದ್ದೇನಲ್ಲ.

ತೆರಿಗೆ ಏರಿಕೆಗೆ ತಕ್ಷಣದ ಕಾರಣವನ್ನು ಹುಡುಕುವುದು ಕಷ್ಟವಲ್ಲ. 2025ರ ಆರಂಭದಲ್ಲಿ ಕೇಂದ್ರ ಸರ್ಕಾರ ಮಿತವ್ಯಯದ ಆದೇಶ ಹೊರಡಿಸಿ, ಪ್ರಾಂತ್ಯ ಮತ್ತು ಜಿಲ್ಲೆಗಳಿಗೆ ವರ್ಗಾಯಿಸುವ ಹಣವನ್ನೂ ಕಡಿತಗೊಳಿಸಿತು. ಜಿಲ್ಲಾಡಳಿತಗಳಿಗೆ ಸ್ವಂತ ಆದಾಯದ ಮೂಲಗಳು ಕೆಲವೇ. ಅವುಗಳಲ್ಲಿ ಮುಖ್ಯವಾದದ್ದು ಭೂಮಿಯ ತೆರಿಗೆ. ಪಾಟಿಯಲ್ಲಿ ಹದಿನಾಲ್ಕು ವರ್ಷಗಳಿಂದ ದರ ಏರಿರಲಿಲ್ಲ ಎಂಬುದು ಆಡಳಿತದ ಸಮರ್ಥನೆಯಾಗಿತ್ತು. ಲೆಕ್ಕದ ದೃಷ್ಟಿಯಿಂದ ಇದರಲ್ಲಿ ಅರ್ಥವಿಲ್ಲದೆ ಇಲ್ಲ. ಆದರೆ ಆ ತೆರಿಗೆಯನ್ನು ಕಟ್ಟಬೇಕಾದ ಭೂಮಿ ಎಷ್ಟು, ಅದು ಯಾರ ಹೆಸರಿನಲ್ಲಿದೆ, ಆ ಹೆಸರಿನವರು ಎಲ್ಲಿ ದುಡಿಯುತ್ತಿದ್ದಾರೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳದೆ ಜಾವಾದ ಹಳ್ಳಿಯ ಸಂಕಟ ಅರ್ಥವಾಗುವುದಿಲ್ಲ.

ಮೊದಲನೆಯದು ಹಿಡುವಳಿಯ ಪ್ರಶ್ನೆ. ಜಾವಾ ದ್ವೀಪದ ವಿಸ್ತೀರ್ಣ ಕರ್ನಾಟಕದ ಮೂರರಲ್ಲಿ ಎರಡು ಭಾಗದಷ್ಟು ಮಾತ್ರ. 2020ರ ಜನಗಣತಿಯಂತೆ ಅಲ್ಲಿ 15 ಕೋಟಿಗೂ ಮಿಕ್ಕಿ ಜನರಿದ್ದಾರೆ. ದೇಶದ ಶೇ 7ರಷ್ಟು ನೆಲದಲ್ಲಿ ಶೇ 56ರಷ್ಟು ಜನ. ಹಳ್ಳಿಯ ಆಸ್ತಿಯಲ್ಲಿ ಮೂರು ಬಗೆ: ನೀರಾವರಿಯ ಭತ್ತದ ಗದ್ದೆ 'ಸಾವಾ', ಮಳೆಯಾಶ್ರಿತ ಹೊಲ 'ತೆಗಾಲ್', ಮನೆಯ ಸುತ್ತಲಿನ ಹಿತ್ತಿಲು 'ಪೆಕರಾಂಗನ್'. ತೆಂಗು, ಬಾಳೆ, ಹಲಸು, ಬಿದಿರು ಬೆಳೆಯುವ ಈ ಹಿತ್ತಿಲು ಬಡವನ ಪಾಲಿಗೆ ಗದ್ದೆಯಷ್ಟೇ ಮುಖ್ಯ. ಎಷ್ಟೋ ಕುಟುಂಬಗಳಿಗೆ ಇರುವುದು ಅದೊಂದೇ. ಅರ್ಧ ಹೆಕ್ಟೇರಿಗಿಂತ ಕಡಿಮೆ ಭೂಮಿಯಿರುವ ರೈತರನ್ನು ಇಂಡೊನೇಷ್ಯಾದಲ್ಲಿ 'ಗುರೆಮ್' ಎಂದು ಕರೆಯುತ್ತಾರೆ. 2013ರ ಕೃಷಿ ಗಣತಿಯಲ್ಲಿ ಇಂಥ ಕುಟುಂಬಗಳು ಸುಮಾರು 1.42 ಕೋಟಿ ಇದ್ದವು. 2023ರ ಗಣತಿಯಲ್ಲಿ ಆ ಸಂಖ್ಯೆ ಸುಮಾರು 1.69 ಕೋಟಿಗೆ ಏರಿತು. ಅಂದರೆ ದೇಶದ ಐದು ಕೃಷಿಕ ಕುಟುಂಬಗಳಲ್ಲಿ ಮೂರು ಈ ವರ್ಗಕ್ಕೆ ಸೇರಿವೆ. ಇವುಗಳಲ್ಲಿ ಬಹುಪಾಲು ಜಾವಾದವು. 1960ರಲ್ಲಿ ಭೂಮಿತಿ ಶಾಸನ ರೂಪಿಸಿದವರು ಒಂದು ಕುಟುಂಬಕ್ಕೆ ಕನಿಷ್ಠ ಎರಡು ಹೆಕ್ಟೇರ್ ಇರಬೇಕೆಂಬ ಗುರಿ ಇಟ್ಟುಕೊಂಡಿದ್ದರು. ಆ ಸುಧಾರಣೆ 1965-66ರ ರಕ್ತಪಾತದಲ್ಲಿ ಕೊಚ್ಚಿಹೋಯಿತು.

ಭೂಮಿ ಚೂರಾಗಲು ಜನಸಂಖ್ಯೆಯೊಂದೇ ಕಾರಣವಲ್ಲ. ಜಾವಾದ ವಾಡಿಕೆಯಲ್ಲಿ ಹೆಣ್ಣುಮಕ್ಕಳಿಗೂ ಆಸ್ತಿಯಲ್ಲಿ ಪಾಲುಂಟು. ಕೆಲವು ಮನೆಗಳಲ್ಲಿ ಗಂಡಿಗೆ ಎರಡು, ಹೆಣ್ಣಿಗೆ ಒಂದು ಎಂಬ ಲೆಕ್ಕ. ಇನ್ನು ಕೆಲವು ಮನೆಗಳಲ್ಲಿ ಕಲ್ಲಂಗಡಿಯನ್ನು ಹೋಳು ಮಾಡಿದಂತೆ ಸಮಪಾಲು. ಇದು ನ್ಯಾಯವಾದ ಪದ್ಧತಿ. ಆದರೆ ಎರಡು ತಲೆಮಾರು ಕಳೆಯುವಷ್ಟರಲ್ಲಿ ಅರ್ಧ ಹೆಕ್ಟೇರ್ ಗದ್ದೆ ನಾಲ್ಕಾರು ತಾಕುಗಳಾಗಿ, ಪಾಲುದಾರರಲ್ಲಿ ಅರ್ಧ ಜನ ಊರಿನಲ್ಲೇ ಇರುವುದಿಲ್ಲ. ಉಳಿದವರು ಕೋರುಪಾಲಿಗೋ ಭೋಗ್ಯಕ್ಕೋ ಗದ್ದೆ ಹಿಡಿದು ಸಾಗುವಳಿ ಮಾಡುತ್ತಾರೆ. ಮಾನವಶಾಸ್ತ್ರಜ್ಞ ಕ್ಲಿಫರ್ಡ್ ಗೀರ್ಟ್ಸ್ 1963ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು 'ಹಂಚಿಕೊಂಡ ಬಡತನ' ಎಂದು ವರ್ಣಿಸಿದರು. ಅನಂತರದ ಸಂಶೋಧಕರು ಈ ಚಿತ್ರವನ್ನು ಒಪ್ಪಲಿಲ್ಲ. ಹಸಿರು ಕ್ರಾಂತಿ ಬಂದ ಮೇಲೆ ಭೂಮಾಲೀಕರು ನಿಂತ ಪೈರನ್ನೇ ವ್ಯಾಪಾರಿಗಳಿಗೆ ಮಾರತೊಡಗಿದರು. ಆ ವ್ಯಾಪಾರಿಗಳು ತಮ್ಮದೇ ಆಳುಗಳನ್ನು ಕರೆತಂದರು. ಕೊಯ್ಲಿನಲ್ಲಿ ಪಾಲು ಪಡೆಯುತ್ತಿದ್ದ ಊರಿನ ಹೆಂಗಸರು ಹೊರಗುಳಿದರು. ಬಡತನ ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿರಲಿಲ್ಲ.

ಎರಡನೆಯದು ದಾಖಲೆಯ ಪ್ರಶ್ನೆ. ಇಲ್ಲಿ ಕರ್ನಾಟಕಕ್ಕೂ ಜಾವಾಕ್ಕೂ ಒಂದು ಹಳೆಯ ನಂಟಿದೆ. ಟಿಪ್ಪುವಿನ ಪತನಾನಂತರ ಮೈಸೂರು ಸೀಮೆಯ ಸರ್ವೆ ನಡೆಸಿದ ಕಾಲಿನ್ ಮೆಕೆಂಜಿ 1811ರಲ್ಲಿ ಬ್ರಿಟಿಷ್ ದಂಡಿನೊಂದಿಗೆ ಜಾವಾಕ್ಕೆ ಹೋದ. ಗವರ್ನರ್ ರಾಫೆಲ್ಸ್ ನೇಮಿಸಿದ ಭೂ ಹಿಡುವಳಿ ವಿಚಾರಣಾ ಸಮಿತಿಗೆ ಅವನೇ ಅಧ್ಯಕ್ಷನಾದ. ದಕ್ಷಿಣ ಭಾರತದಲ್ಲಿ ಮನ್ರೋ ಬೆಳೆಸಿದ ರೈತವಾರಿ ಪದ್ಧತಿಯನ್ನು ಹೋಲುವ ಭೂಕಂದಾಯವನ್ನು ರಾಫೆಲ್ಸ್ ಅಲ್ಲಿ ಜಾರಿಗೆ ತರಲು ಯತ್ನಿಸಿದ. ಆದರೆ ಅಳತೆಯೂ ಇಲ್ಲ, ಅಳೆಯುವ ಸಿಬ್ಬಂದಿಯೂ ಇಲ್ಲ. ಕಾಗದದ ಮೇಲೆ ಒಬ್ಬೊಬ್ಬ ರೈತನಿಗೆ ಕಂದಾಯ ಗೊತ್ತುಮಾಡಿದರೂ ವಾಸ್ತವದಲ್ಲಿ ಊರಿನ ಮುಖ್ಯಸ್ಥನೇ ಅದನ್ನು ಹಂಚಿ ವಸೂಲು ಮಾಡಿದ. ಯಾವ ತಾಕು ಯಾರದೆಂಬ ಜ್ಞಾನ ಹಳ್ಳಿಯ ಕಚೇರಿಯಲ್ಲೇ ಉಳಿಯಿತು.

ಆ ಜ್ಞಾನ ಇತ್ತೀಚಿನವರೆಗೂ ಉಳಿದಿದ್ದುದು 'ಲೆತ್ತರ್ ಸೆ' ಎಂಬ ಹಳ್ಳಿಯ ದಪ್ಪ ಪುಸ್ತಕದಲ್ಲಿ ಮತ್ತು 'ಗಿರಿಕ್' ಎಂಬ ಕಂದಾಯದ ಚೀಟಿಯಲ್ಲಿ. ನಮ್ಮ ಶಾನುಭೋಗರ ಲೆಕ್ಕಗಳಂತೆ ಇವು ಕಂದಾಯಕ್ಕಾಗಿ ಹುಟ್ಟಿದ ದಾಖಲೆಗಳೇ ಹೊರತು ಮಾಲೀಕತ್ವದ ಪತ್ರಗಳಲ್ಲ. ಎಷ್ಟೋ ಕಡೆ ಅವುಗಳಲ್ಲಿರುವುದು ತೀರಿಹೋದ ಅಜ್ಜನ ಹೆಸರು. 2015ರ ಹೊತ್ತಿಗೆ ದೇಶದಲ್ಲಿ ಅಂದಾಜು 12.6 ಕೋಟಿ ತಾಕುಗಳಿದ್ದು, ಹಕ್ಕುಪತ್ರವಿದ್ದದ್ದು 4.6 ಕೋಟಿಗೆ ಮಾತ್ರ ಎಂದು ಅಂದಿನ ಅಧ್ಯಕ್ಷ ಜೋಕೊ ವಿದೊದೊ ಸಭೆ ಸಭೆಗಳಲ್ಲಿ ಹೇಳುತ್ತಿದ್ದರು. ವರ್ಷಕ್ಕೆ ಐದು ಲಕ್ಷದಂತೆ ಕೊಡುತ್ತ ಹೋದರೆ ನೂರ ಅರುವತ್ತು ವರ್ಷ ಬೇಕು ಎಂಬುದು ಅವರ ಲೆಕ್ಕ. 2017ರಿಂದ ಇಡೀ ಹಳ್ಳಿಯನ್ನು ಒಮ್ಮೆಗೇ ಅಳೆದು ನೋಂದಾಯಿಸುವ ಕಾರ್ಯಕ್ರಮ ಆರಂಭವಾಯಿತು. ಆ ವರ್ಷವೇ 50 ಲಕ್ಷಕ್ಕೂ ಹೆಚ್ಚು, 2018ರಲ್ಲಿ 90 ಲಕ್ಷಕ್ಕೂ ಹೆಚ್ಚು ತಾಕುಗಳ ಕೆಲಸ ನಡೆಯಿತು. ಜಾವಾದಲ್ಲಿ ಅರ್ಜಿದಾರರಿಂದ ಒಂದೂವರೆ ಲಕ್ಷ ರುಪಿಯಾಗಿಂತ ಹೆಚ್ಚು ವಸೂಲು ಮಾಡಬಾರದೆಂದು ಮೂವರು ಸಚಿವರ ಜಂಟಿ ಆದೇಶ ಮಿತಿ ವಿಧಿಸಿತು. ಆಡಳಿತದ ದೃಷ್ಟಿಯಿಂದ ಇದು ಸಣ್ಣ ಸಾಧನೆಯಲ್ಲ ಎಂಬುದನ್ನು ಭೂದಾಖಲೆಗಳ ಒಡನಾಟವಿದ್ದ ಯಾರೂ ಒಪ್ಪುತ್ತಾರೆ.

2021ರ ಸರ್ಕಾರಿ ನಿಯಮವೊಂದು ಇನ್ನೂ ಮುಂದೆ ಹೋಯಿತು. ಗಿರಿಕ್ ಮುಂತಾದ ಹಳೆಯ ಚೀಟಿಗಳಿರುವ ಭೂಮಿಯನ್ನು ಐದು ವರ್ಷಗಳೊಳಗೆ, ಅಂದರೆ 2026ರ ಫೆಬ್ರುವರಿ 2ರೊಳಗೆ ನೋಂದಾಯಿಸಬೇಕು. ಅನಂತರ ಆ ಚೀಟಿಗಳು ಹಕ್ಕಿನ ಪುರಾವೆಯಾಗುವುದಿಲ್ಲ, ನೋಂದಣಿಗೆ ಒಂದು ಸೂಚನೆಯಾಗಿ ಮಾತ್ರ ಉಳಿಯುತ್ತವೆ ಎಂಬುದು ಅದರ ತಾತ್ಪರ್ಯ. ಇದರಿಂದ ಭೂಮಿ ಸರ್ಕಾರದ ಪಾಲಾಗುವುದಿಲ್ಲ. ಆದರೆ ಪುರಾವೆಯ ಹೊರೆ ಹಳ್ಳಿಗನ ಹೆಗಲಿಗೆ ಬೀಳುತ್ತದೆ. ಪಾಲುದಾರರು ನಾಲ್ಕು ಊರುಗಳಲ್ಲಿ ಚದುರಿರುವ ಕುಟುಂಬಕ್ಕೆ ಎಲ್ಲರ ಸಹಿ ಕೂಡಿಸುವುದೇ ದೊಡ್ಡ ಕೆಲಸ.

ಪತ್ರ ಕೈಗೆ ಬಂದ ಮೇಲೆ ಅದು ಮೂರು ದಾರಿ ಹಿಡಿಯುತ್ತದೆ. ಒಂದು ಬ್ಯಾಂಕಿನದು. ಅಡಮಾನ ಇಟ್ಟ ಹಕ್ಕುಪತ್ರವನ್ನು 'ಶಾಲೆಗೆ ಕಳುಹಿಸಿದ್ದೇವೆ' ಎಂದು ಅಲ್ಲಿನ ಜನ ತಮಾಷೆಯಾಗಿ ಹೇಳುವುದುಂಟು. ಪೆರು ದೇಶದ ಅರ್ಥಶಾಸ್ತ್ರಜ್ಞ ಹೆರ್ನಾಂಡೊ ದೆ ಸೊಟೊ 2000ದಲ್ಲಿ ಮಂಡಿಸಿದ ವಾದವೂ ಇದೇ: ಪತ್ರವಿಲ್ಲದ ಆಸ್ತಿ ಸತ್ತ ಬಂಡವಾಳ, ಪತ್ರ ಸಿಕ್ಕರೆ ಅದಕ್ಕೆ ಜೀವ ಬರುತ್ತದೆ. ಆದರೆ ಪತ್ರ ಹಂಚುತ್ತಿದ್ದ ಅಧ್ಯಕ್ಷರೇ ಆ ಸಾಲದಿಂದ ಕಾರು ಕೊಳ್ಳಬೇಡಿ, ಕಂತು ಕಟ್ಟುವ ಶಕ್ತಿಯಿದೆಯೇ ಎಂದು ಮೊದಲು ಲೆಕ್ಕ ಹಾಕಿ ಎಂದು ಎಚ್ಚರಿಸುತ್ತಿದ್ದರು. ಕಾಲು ಹೆಕ್ಟೇರ್ ಗದ್ದೆಯ ಉತ್ಪತ್ತಿಯಿಂದ ತೀರುವ ಸಾಲ ಚಿಕ್ಕದೇ ಆಗಿರುತ್ತದೆ. ಎರಡನೆಯದು ಮಾರಾಟದ ದಾರಿ, ಮೂರನೆಯದು ತೆರಿಗೆಯ ದಾರಿ. ಅಳತೆಯಾಗಿ ಹೆಸರು ಹಚ್ಚಿದ ಭೂಮಿ ಕೊಳ್ಳುವವನ ಕಣ್ಣಿಗೆ ಕಾಣುವಂತೆಯೇ ತೆರಿಗೆ ಹಾಕುವವನ ಕಣ್ಣಿಗೂ ಕಾಣುತ್ತದೆ.

ಮಾರಾಟದ ದಾರಿ ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ ಪೂರ್ವ ಜಾವಾದ ತುಬಾನ್ ಜಿಲ್ಲೆಯ ಸುಮುರ್‌ಗೆನೆಂಗ್ ಹಳ್ಳಿ ನಿದರ್ಶನ. ತೈಲ ಸಂಸ್ಕರಣಾಗಾರದ ಯೋಜನೆಗೆ ಭೂಮಿ ಕೊಟ್ಟ ಅಲ್ಲಿನ ಜನರಿಗೆ ಶತಕೋಟಿಗಳ ಲೆಕ್ಕದಲ್ಲಿ ರುಪಿಯಾ ಬಂತು. 2021ರ ಫೆಬ್ರುವರಿಯಲ್ಲಿ ಸಾಲು ಸಾಲಾಗಿ ಹೊಸ ಕಾರುಗಳು ಹಳ್ಳಿಗೆ ಬಂದ ದೃಶ್ಯ ದೇಶದಾದ್ಯಂತ ಸುದ್ದಿಯಾಯಿತು. ಒಟ್ಟು 170ಕ್ಕೂ ಹೆಚ್ಚು ಕಾರುಗಳೆಂದು ವರದಿಯಾಗಿತ್ತು. ವರ್ಷ ಕಳೆಯುವುದರೊಳಗೆ, 2022ರ ಜನವರಿಯಲ್ಲಿ, ಅದೇ ಹಳ್ಳಿಯ ಕೆಲವರು ಕೆಲಸವೂ ಇಲ್ಲದೆ ಗದ್ದೆಯೂ ಇಲ್ಲದೆ ದನಗಳನ್ನು ಮಾರಿ ಜೀವನ ಸಾಗಿಸುತ್ತಿರುವುದಾಗಿ ಹೇಳಿಕೊಂಡರು. ಇದಕ್ಕೆ ವ್ಯತಿರಿಕ್ತವಾಗಿ ಮಧ್ಯ ಜಾವಾದ ಪುರ್ವೊರೆಜೊ ಜಿಲ್ಲೆಯ ವಾದಾಸ್ ಹಳ್ಳಿಯಲ್ಲಿ ಅನೇಕರು ಭೂಮಿ ಕೊಡಲೊಪ್ಪಲಿಲ್ಲ. ಬೆನೆರ್ ಅಣೆಕಟ್ಟೆಗೆ ಕಲ್ಲು ತೆಗೆಯಲು ಅವರ ಗುಡ್ಡಗಳು ಬೇಕಾಗಿದ್ದವು. 2022ರ ಫೆಬ್ರುವರಿ 8ರಂದು ಅಳತೆಗೆ ಬಂದ ಅಧಿಕಾರಿಗಳ ಬೆಂಗಾವಲಿಗೆ ಭಾರೀ ಪೊಲೀಸ್ ಪಡೆ ಬಂತು. 60ಕ್ಕೂ ಹೆಚ್ಚು ಜನರನ್ನು ಹಿಡಿದೊಯ್ದು ಮರುದಿನ ಬಿಡುಗಡೆ ಮಾಡಲಾಯಿತು. ಮಾರಿದವರಿಗೂ ನೆಮ್ಮದಿಯಿಲ್ಲ, ಮಾರಲೊಪ್ಪದವರಿಗೂ ನೆಮ್ಮದಿಯಿಲ್ಲ ಎಂಬುದೇ ಈ ಎರಡು ಹಳ್ಳಿಗಳು ಹೇಳುವ ಮಾತು.

ಮೂರನೆಯದು ಊರು ಬಿಡುವವರ ಪ್ರಶ್ನೆ. ಆಸ್ತಿಯ ಚರ್ಚೆಯಲ್ಲಿ ಇದನ್ನು ಕಡೆಗಣಿಸುವುದೇ ಹೆಚ್ಚು. ಜಾವಾದ ಹಳ್ಳಿ ಇಂದು ಬದುಕಿರುವುದು ಸಂಚಾರದಿಂದ. ಕಂತಿನ ಮೇಲೆ ಕೊಂಡ ಮೋಟಾರ್ ಸೈಕಲ್ಲಿನಲ್ಲಿ ಕೂಲಿಕಾರರು ಪಟ್ಟಣಕ್ಕೆ ಹೋಗಿಬರುತ್ತಾರೆ. ತರುಣರು ಜಕಾರ್ತಾದಲ್ಲಿ ಕಟ್ಟಡ ಕೆಲಸಕ್ಕೆ, ತಿಂಡಿಗಾಡಿಗೆ, ಕಾರ್ಖಾನೆಗೆ ಸೇರುತ್ತಾರೆ. ಹೆಣ್ಣುಮಕ್ಕಳು ಮನೆಗೆಲಸಕ್ಕೆಂದು ಹಾಂಗ್‌ಕಾಂಗ್, ತೈವಾನ್, ಮಲೇಷ್ಯಾಗಳಿಗೆ ಹೋಗುತ್ತಾರೆ. ಹಳ್ಳಿಯಲ್ಲಿ ಹೆಂಚು, ಟೈಲ್ಸ್ ಹಾಕಿ ಕಟ್ಟಿದ ಹೊಸ ಮನೆಗಳ ಹಿಂದೆ ಗದ್ದೆಯ ಉತ್ಪತ್ತಿಗಿಂತ ಈ ಹಣದ ಪಾಲು ದೊಡ್ಡದು. ವರ್ಷಕ್ಕೊಮ್ಮೆ ರಂಜಾನ್ ಹಬ್ಬಕ್ಕೆ ಇವರೆಲ್ಲ ಊರಿಗೆ ಮರಳುವ ಯಾತ್ರೆಗೆ 'ಮುದಿಕ್' ಎಂದು ಹೆಸರು. 2024ರಲ್ಲಿ 19 ಕೋಟಿಗೂ ಹೆಚ್ಚು ಜನ ಪ್ರಯಾಣ ಮಾಡಬಹುದೆಂದು ಸಾರಿಗೆ ಸಚಿವಾಲಯದ ಸಮೀಕ್ಷೆ ಅಂದಾಜು ಮಾಡಿತ್ತು. 2016ರ ಜುಲೈನಲ್ಲಿ ಬ್ರೆಬೆಸ್ ಬಳಿ ಹೆದ್ದಾರಿಯಿಂದ ಹೊರಬರುವಲ್ಲಿ ಮೂರು ದಿನ ವಾಹನಗಳು ಸಿಲುಕಿ, ಹತ್ತಕ್ಕೂ ಹೆಚ್ಚು ಜನ ಸತ್ತರೆಂದು ವರದಿಯಾಯಿತು. 2018ರ ಡಿಸೆಂಬರ್‌ನಲ್ಲಿ ಜಕಾರ್ತಾದಿಂದ ಸುರಬಾಯಾವರೆಗೆ ಸುಂಕದ ಹೆದ್ದಾರಿ ಪೂರ್ಣಗೊಂಡು ಪ್ರಯಾಣ ಸುಗಮವಾಯಿತು. ಅದೇ ಹೆದ್ದಾರಿ ದಾರಿಯುದ್ದಕ್ಕೂ ಭತ್ತದ ಗದ್ದೆಗಳನ್ನು ನುಂಗಿತು, ಬದಿಯ ಭೂಮಿಯ ಬೆಲೆ ಏರಿಸಿತು. 2009ರಲ್ಲೇ ಆಹಾರ ಬೆಳೆಯುವ ಭೂಮಿಯ ರಕ್ಷಣೆಗೆ ಶಾಸನವಾಗಿದ್ದರೂ ರಸ್ತೆಯ ಮುಂದೆ ಗದ್ದೆ ಗೆದ್ದದ್ದು ಅಪರೂಪ.

ಇಲ್ಲಿ ಶಾಸನಕ್ಕೂ ಬದುಕಿಗೂ ನೇರ ಘರ್ಷಣೆಯಿದೆ. 1961ರ ನಿಯಮದಂತೆ ಕೃಷಿ ಭೂಮಿಯ ಒಡೆಯ ಅದೇ ಉಪಜಿಲ್ಲೆಯಲ್ಲಿ ಅಥವಾ ಅದಕ್ಕೆ ಹೊಂದಿಕೊಂಡ ಉಪಜಿಲ್ಲೆಯಲ್ಲಿ ವಾಸವಾಗಿರಬೇಕು. ಎರಡು ವರ್ಷ ಸತತವಾಗಿ ಊರು ಬಿಟ್ಟಿದ್ದರೆ ಭೂಮಿಯನ್ನು ಸ್ಥಳೀಯರಿಗೆ ವರ್ಗಾಯಿಸಬೇಕು. ಸರ್ಕಾರಿ ನೌಕರರು ಮತ್ತು ಸೈನಿಕರಿಗೆ ವಿನಾಯಿತಿಯಿದೆ! ನಗರದ ಹಣವಂತರು ಹಳ್ಳಿಯ ಗದ್ದೆ ಕೊಳ್ಳದಿರಲೆಂದು ಮಾಡಿದ ಈ ನಿಯಮದ ಉದ್ದೇಶ ಒಳ್ಳೆಯದು. ಆದರೆ ಹಣವಂತನು ಸ್ಥಳೀಯರ ಹೆಸರಿನಲ್ಲಿ ಕೊಂಡು ನುಣುಚಿಕೊಳ್ಳಬಲ್ಲ. ಜಕಾರ್ತಾದಲ್ಲಿ ಇಟ್ಟಿಗೆ ಹೊರುವ, ಊರಿನಲ್ಲಿ ಅಪ್ಪನಿಂದ ಬಂದ ಹತ್ತು ಗುಂಟೆ ಗದ್ದೆಯಿರುವವನು ಮಾತ್ರ ಕಾನೂನಿನ ಕಣ್ಣಿಗೆ ಪರಸ್ಥಳದ ಮಾಲೀಕನಾಗುತ್ತಾನೆ. ನಿಯಮ ಕಟ್ಟುನಿಟ್ಟಾಗಿ ಜಾರಿಯಾಗದಿರುವುದರಿಂದಲೇ ಅವನು ಉಳಿದಿದ್ದಾನೆ. ಪಾಲು ಪಡೆದ ಅವನ ಅಕ್ಕತಂಗಿಯರ ಸ್ಥಿತಿಯೂ ಅದೇ. ಹಕ್ಕುಪತ್ರವು ಇದ್ದವರ ಹೆಸರಿಗೆ ಬೇಗ ಆಗುವುದರಿಂದ, ದೂರದ ದೇಶದಲ್ಲಿ ದುಡಿದು ಹಣ ಕಳುಹಿಸುವ ಹೆಣ್ಣುಮಗಳ ಪಾಲು ವಾಡಿಕೆಯಲ್ಲಿದ್ದೂ ಪತ್ರದಲ್ಲಿ ಕಾಣದೆ ಹೋಗುವ ಅಪಾಯವುಂಟು.

ಹಾಗೆಂದು ಹಳೆಯ ಚೀಟಿಗಳೇ ಮೇಲೆಂದು ವಾದಿಸುವುದು ಸರಿಯಲ್ಲ. ಪತ್ರವಿಲ್ಲದವನು ಗಣಿ ಮತ್ತು ಹೆದ್ದಾರಿಗಳ ಮುಂದೆ ಇನ್ನಷ್ಟು ದುರ್ಬಲ. ಪರಿಹಾರ ಕೇಳಲೂ ಅವನಿಗೆ ಪತ್ರ ಬೇಕು. ಹಳ್ಳಿಯ ಪುಸ್ತಕವನ್ನು ಮುಖ್ಯಸ್ಥನ ವಶದಲ್ಲೇ ಬಿಟ್ಟರೆ ತಿದ್ದುವ ಅಧಿಕಾರವೂ ಅವನದೇ ಆಗುತ್ತದೆ. 2014ರ ಗ್ರಾಮ ಶಾಸನದಿಂದಾಗಿ ದೇಶದ 75 ಸಾವಿರದಷ್ಟು ಹಳ್ಳಿಗಳಿಗೆ ನೇರವಾಗಿ ಕೇಂದ್ರದ ಅನುದಾನ ಹರಿಯತೊಡಗಿದೆ; 2024ರ ತಿದ್ದುಪಡಿ ಮುಖ್ಯಸ್ಥರ ಅವಧಿಯನ್ನು ಆರರಿಂದ ಎಂಟು ವರ್ಷಕ್ಕೆ ಏರಿಸಿದೆ. ಇದರ ಜೊತೆಗೆ ನಮ್ಮ ಉಂಬಳಿಯಂತಹ 'ಬೆಂಕೊಕ್' ಗದ್ದೆಗಳ ಅನುಭೋಗವೂ ಅವರಿಗೆ ಉಂಟು. ಇಷ್ಟೆಲ್ಲ ಅಧಿಕಾರವಿರುವ ಕೈಯಲ್ಲಿ ಭೂಮಿಯ ಏಕೈಕ ದಾಖಲೆಯೂ ಇರುವುದು ವಿವೇಕವಲ್ಲ.

ಆದ್ದರಿಂದ ಆಗಬೇಕಾದದ್ದು ಪತ್ರದ ಸುತ್ತ ಕಾವಲು ಕಟ್ಟುವ ಕೆಲಸ. ಮೊದಲನೆಯದಾಗಿ, ಅರ್ಧ ಹೆಕ್ಟೇರಿಗಿಂತ ಕಡಿಮೆಯ ಗದ್ದೆಗೂ ವಾಸದ ಮನೆಯ ಹಿತ್ತಿಲಿಗೂ ತೆರಿಗೆ ವಿನಾಯಿತಿಯ ಮಿತಿಯನ್ನು ಏರಿಸಿ, ಹೆದ್ದಾರಿಯಿಂದ ಬೆಲೆ ಏರಿದ ದೊಡ್ಡ ಆಸ್ತಿಗಳಿಂದ ಆ ಕೊರತೆ ತುಂಬಿಕೊಳ್ಳಬೇಕು. ಹದಿನಾಲ್ಕು ವರ್ಷ ಸುಮ್ಮನಿದ್ದು ಒಮ್ಮೆಗೇ ಹೊರೆ ಹೇರುವುದು ಆಡಳಿತವಲ್ಲ. ಎರಡನೆಯದಾಗಿ, ಪರಸ್ಥಳದ ಮಾಲೀಕತ್ವದ ನಿಷೇಧ ಖರೀದಿಗೆ ಅನ್ವಯಿಸಲಿ, ಸಣ್ಣ ಪಿತ್ರಾರ್ಜಿತಕ್ಕೆ ಬೇಡ. ಮೂರನೆಯದಾಗಿ, ನೋಂದಣಿಯ ವೇಳೆ ಎಲ್ಲ ವಾರಸುದಾರರ ಹೆಸರನ್ನೂ ಜಂಟಿಯಾಗಿ ಬರೆಯಬೇಕು. ಮುದಿಕ್ ಕಾಲದಲ್ಲಿ ಊರಿಗೆ ಬಂದವರ ಸಹಿ ಪಡೆಯಲು ಹಳ್ಳಿಯಲ್ಲೇ ಶಿಬಿರ ನಡೆಸಿದರೆ ಖರ್ಚೂ ಕಡಿಮೆ. ನಾಲ್ಕನೆಯದಾಗಿ, ಯೋಜನೆಗಳಿಗೆ ಭೂಮಿ ಬಿಟ್ಟುಕೊಡುವವರಿಗೆ ಒಮ್ಮೆಗೇ ಹಣ ಸುರಿಯುವ ಬದಲು ಅದರ ಒಂದು ಪಾಲನ್ನು ವರ್ಷಾಶನವಾಗಿಯೋ ಬದಲಿ ಭೂಮಿಯಾಗಿಯೋ ಕೊಡುವ ಆಯ್ಕೆ ಇರಬೇಕು.

ಇವು ಯಾವುವೂ ದುಬಾರಿ ಕ್ರಮಗಳಲ್ಲ. ಅಳತೆ, ನೋಂದಣಿ, ಅನುದಾನಗಳ ವಿಷಯದಲ್ಲಿ ಇಂಡೊನೇಷ್ಯಾ ಹತ್ತು ವರ್ಷಗಳಲ್ಲಿ ತೋರಿಸಿದ ಕಾರ್ಯಕ್ಷಮತೆಯಲ್ಲಿ ಸ್ವಲ್ಪ ಭಾಗವನ್ನು ಇವುಗಳಿಗೆ ಮೀಸಲಿಟ್ಟರೆ ಸಾಕು. ಊರಿನಲ್ಲಿ ಗದ್ದೆಯ ಒಂದು ತುಂಡು ಇರುವವರೆಗೆ ಜಕಾರ್ತಾದ ಕೂಲಿಕಾರನಿಗೆ ಕೆಲಸ ಹೋದರೂ ಮರಳಿ ಬರಲು ಜಾಗವಿದೆ. 1998ರ ಆರ್ಥಿಕ ಕುಸಿತದಲ್ಲೂ 2020ರ ಸಾಂಕ್ರಾಮಿಕದಲ್ಲೂ ಅವನು ಹಾಗೆಯೇ ಊರಿಗೆ ಮರಳಿದ. ಆ ತುಂಡನ್ನು ಪತ್ರದ ಮೂಲಕ ಉಳಿಸಿಕೊಳ್ಳುತ್ತಾನೆಯೋ ಪತ್ರದ ಮೂಲಕವೇ ಕಳೆದುಕೊಳ್ಳುತ್ತಾನೆಯೋ ಎಂಬುದನ್ನು ಅಲ್ಲಿನ ಸರ್ಕಾರ ಮುಂದಿನ ಕೆಲವು ವರ್ಷಗಳಲ್ಲಿ ಕೈಗೊಳ್ಳುವ ತೀರ್ಮಾನಗಳು ನಿರ್ಧರಿಸಲಿವೆ.