ಬಿಳಿಯ ಅನ್ನ, ಬಿಳಿಚಿದ ಮುಖ

ಕಳೆದ ತಪಸ್ಸುಕಾಲದ ಒಂದು ಶುಕ್ರವಾರ, ಶಿಲುಬೆ ಹಾದಿಯ ಪ್ರಾರ್ಥನೆ ನಡೆಯುತ್ತಿರುವಾಗ ಹದಿನೇಳರ ಬಾಲೆಯೊಬ್ಬಳು ತಲೆಸುತ್ತಿ ಕೆಳಗೆ ಬಿದ್ದಳು. ಉಪವಾಸದ ಮಹಿಮೆಯನ್ನು ಕುರಿತು ನಾವು ಆಗಷ್ಟೇ ಪ್ರಬೋಧನೆ ನೀಡಿ ಮುಗಿಸಿದ್ದೆವು. ಹಿಮೋಗ್ಲೋಬಿನ್ ಏಳಕ್ಕೆ ಇಳಿದಿದೆಯೆಂದು ವೈದ್ಯರು ತಿಳಿಸಿದರು. ಮರುವಾರ ನರಸೀಪುರದ ಕಡೆಯ ಅವಳ ಮನೆಗೆ ಹೋದಾಗ ತಾಯಿ ಕಣ್ಣೀರಿಟ್ಟು ಹೇಳಿದರು: "ಅಕ್ಕಿಗೇನೂ ಕೊರತೆಯಿಲ್ಲ ಸ್ವಾಮಿ, ಹೊಟ್ಟೆ ತುಂಬ ಉಣ್ತಾಳೆ."

ಆ ಮಾತು ಸುಳ್ಳಲ್ಲ. 2013ರಲ್ಲಿ ಅನ್ನಭಾಗ್ಯ ಯೋಜನೆ ಬಂದ ಮೇಲೆ, ಒಲೆ ಹೊತ್ತದ ಮನೆಗಳು ನಮ್ಮ ಭೇಟಿಗಳಲ್ಲಿ ಕಾಣಸಿಗುವುದು ಅಪರೂಪವಾಗಿದೆ. ಆ ಅಕ್ಕಿಯನ್ನು ಹಳಿಯುವವರ ಸಾಲಿನಲ್ಲಿ ನಾವಿಲ್ಲ. ಹಸಿವನ್ನು ಕಂಡವರಾರೂ ಹಾಗೆ ಮಾತನಾಡಲಾರರು. ಆದರೆ ಹೊಟ್ಟೆ ತುಂಬುವುದು ಬೇರೆ, ಮೈಗೆ ರಕ್ತ ತುಂಬುವುದು ಬೇರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಸ್ತ್ರೀಯರಲ್ಲಿ ಶೇ. 47.8ರಷ್ಟು, ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿ ರಕ್ತಹೀನತೆಗೆ ಒಳಗಾದವರು.

ಆ ಮನೆಯಲ್ಲಿ ನಾವು ಕಂಡದ್ದು ಅನ್ನ, ತಿಳಿಸಾರು, ಮಕ್ಕಳಿಗೆಂದು ಅಂಗಡಿಯಿಂದ ತಂದ ಕುರುಕಲಿನ ಪೊಟ್ಟಣಗಳು. ಹಿತ್ತಲಿನಲ್ಲಿ ನುಗ್ಗೆಯ ಮರವೊಂದಿತ್ತು. ಕಾಯಿ ಮಾತ್ರ ಕೀಳುತ್ತಿದ್ದರಂತೆ.

ಒಂದೆರಡು ತಲೆಮಾರಿನ ಹಿಂದೆ ಕಪಿಲೆಯ ದಡದ ಈ ಊರುಗಳ ಬಡವರ ತಟ್ಟೆ ಬೇರೆಯಾಗಿತ್ತು. ರಾಗಿ ಮುದ್ದೆ, ಹುರುಳಿ ಸಾರು, ಹೊಲದ ಬದುವಿನ ಅಣ್ಣೆಸೊಪ್ಪು, ಹೊನಗೊನೆ, ಕೀರೆಗಳ ಬಸ್ಸಾರು ಅಲ್ಲಿದ್ದವು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದ್ದರೆ, ಅಷ್ಟೇ ತೂಕದ ಬಿಳಿಯಕ್ಕಿಯಲ್ಲಿ ಹತ್ತರ ಆಸುಪಾಸು ಮಾತ್ರ. ಹುರುಳಿಯಲ್ಲಿ ನೂರಕ್ಕೆ ಇಪ್ಪತ್ತೆರಡು ಭಾಗದಷ್ಟು ಪ್ರೋಟೀನು. ನೆರೆಯ ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ತಳಿಗಳನ್ನು ಕೂಡಿಸಿ 'ಇಂಡಾಫ್' ರಾಗಿಯನ್ನು ಕೊಟ್ಟದ್ದು ಈ ನೆಲದ ದೊಡ್ಡ ಪುಣ್ಯಕಾರ್ಯಗಳಲ್ಲಿ ಒಂದೆಂದು ನಾವು ಎಣಿಸುತ್ತೇವೆ. ಆದರೂ ಮುದ್ದೆ ಹಿಂದೆ ಸರಿಯಿತು. ನಾಲೆಗಳು ಬಂದವು, ಭತ್ತ ಹೆಚ್ಚಿತು. ಹಬ್ಬದ ದಿನದ ಮರ್ಯಾದೆಯಾಗಿದ್ದ ಅನ್ನ ದಿನದ ಮರ್ಯಾದೆಯಾಯಿತು. ನೆಂಟರು ಬಂದಾಗ ಮುದ್ದೆಯ ತಪ್ಪಲೆಯನ್ನು ಮರೆಮಾಡುವ ಮನೆಗಳನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಇಷ್ಟು ಹೇಳಿ ಮಿತವ್ಯಯದ ಉಪದೇಶಕ್ಕೆ ತೊಡಗುವುದು ಗುರುಗಳಾದ ನಮಗೆ ಸುಲಭ. ಆದರೆ ಅದು ನ್ಯಾಯವಲ್ಲ. ಸಂತ ತೋಮಾಸ್ ಅಕ್ವಿನಾಸರು ರಾಜಾಡಳಿತವನ್ನು ಕುರಿತ ತಮ್ಮ ಗ್ರಂಥದಲ್ಲಿ, ಸದ್ಗುಣದ ಬಾಳಿಗೆ ದೇಹಕ್ಕೆ ಬೇಕಾದ ವಸ್ತುಗಳು ಸಾಕಷ್ಟು ಇರಲೇಬೇಕೆಂದು ಒಪ್ಪುತ್ತಾರೆ. ಬಡತನವನ್ನು ತಾವಾಗಿ ಆರಿಸಿಕೊಂಡ ಸನ್ಯಾಸಿ ಬರೆದ ಮಾತಿದು. ಸೊಪ್ಪು ಅಗ್ಗವೆನ್ನುತ್ತೇವೆ, ಅದನ್ನು ಬಿಡಿಸಿ, ತೊಳೆದು, ಬೇಯಿಸುವ ಹೊತ್ತು ಅಗ್ಗವಲ್ಲ. ಬೆಳಿಗ್ಗೆ ಕಾರ್ಖಾನೆಯ ಬಸ್ಸು ಹಿಡಿದು ಕತ್ತಲಾದ ಮೇಲೆ ಮನೆ ಸೇರುವ ನಂಜನಗೂಡಿನ ತಾಯಿಯು ಮಗುವಿನ ಕೈಗೆ ಬಿಸ್ಕತ್ತು ಕೊಟ್ಟರೆ, ಆಕೆಯನ್ನು ಸೋಮಾರಿಯೆನ್ನುವ ನಾಲಗೆ ನಮಗೆ ಬೇಡ. ಸೊಪ್ಪು ಬಿಡಿಸಲು ಗಂಡಸರ ಕೈಗಳಿಗೇನು ಅಡ್ಡಿ ಎಂಬುದನ್ನೂ ಕೇಳಬೇಕಾಗಿದೆ.

ಆಗುವುದನ್ನು ಹೇಳುತ್ತೇವೆ. ಅಕ್ಕಿಯಲ್ಲಿ ಉಳಿದ ಹಣ ಮೊದಲು ಕಾಳಿಗೆ ಹೋಗಲಿ: ಹುರುಳಿ, ಅಲಸಂದೆ, ಹೆಸರು. ರಾತ್ರಿ ನೆನೆಹಾಕಿ ಬಟ್ಟೆಯಲ್ಲಿ ಕಟ್ಟಿಟ್ಟರೆ ಮೊಳಕೆ ತಾನಾಗಿ ಬರುತ್ತದೆ. ಅನ್ನ ಬಸಿದ ಗಂಜಿಯನ್ನು ಚೆಲ್ಲದೆ ಸಾರಿಗೆ ಬೆರೆಸಬಹುದು. ಸೊಪ್ಪಿನ ಪಲ್ಯಕ್ಕೆ ಅರ್ಧ ಹೋಳು ನಿಂಬೆ ಹಿಂಡಿದರೆ ಕಬ್ಬಿಣದ ಅಂಶ ಮೈಗೆ ಹತ್ತುತ್ತದೆ. ಊಟದೊಡನೆ ಕುಡಿಯುವ ಟೀ ಅದನ್ನು ತಡೆಯುತ್ತದೆ. ಹಣ್ಣೆಂದರೆ ನಂಜನಗೂಡಿನ ರಸಬಾಳೆಯೇ ಆಗಬೇಕಿಲ್ಲ. ಸೊರಗು ರೋಗದಿಂದ ಅದು ಅಪರೂಪವಾಗಿದೆ. ಸೀಬೆ, ಪಪ್ಪಾಯಿ ಸಾಕು. ಆದರೆ ರಕ್ತ ಅಷ್ಟು ಇಳಿದವರಿಗೆ ಆಹಾರವೊಂದೇ ಮದ್ದಲ್ಲ, ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಯನ್ನು ಬಿಡದೆ ನುಂಗಬೇಕು.

ಇನ್ನೊಂದು ಮಾತನ್ನು ಹೇಳದಿರಲಾರೆವು. ಆ ಮನೆಯಲ್ಲಿ ಎರಡು ಕೋಳಿಗಳಿದ್ದವು. ಮೊಟ್ಟೆ ಯಾರಿಗೆ ಎಂದು ಕೇಳಿದೆವು. "ತಮ್ಮನಿಗೆ," ಎಂದಳು ಹುಡುಗಿ, ಅದರಲ್ಲೇನು ವಿಶೇಷ ಎಂಬಂತೆ. ಎಲ್ಲರೂ ಉಂಡ ಮೇಲೆ ತಾಯಿ, ಮಗಳು ಪಾತ್ರೆಯ ತಳ ಕೆರೆದು ಉಣ್ಣುವುದು ತ್ಯಾಗವೆಂದು ಎಷ್ಟು ಪ್ರಬೋಧನೆಗಳಲ್ಲಿ ನಾವೇ ಹೊಗಳಿಲ್ಲ! ಮಾಂಸವನ್ನು ತಿಂಗಳಿಗೊಮ್ಮೆ ಕಾಣುವ ಮನೆ ಶುಕ್ರವಾರ ಮಾಂಸ ಬಿಟ್ಟರೆ ತ್ಯಜಿಸಿದ್ದಾದರೂ ಏನು? ರೋಗಿಗಳಿಗೂ ಗರ್ಭಿಣಿಯರಿಗೂ ಉಪವಾಸದ ಬಾಧ್ಯತೆಯಿಲ್ಲವೆಂದು ಈಗ ನಾವು ಪ್ರತಿ ತಪಸ್ಸುಕಾಲದ ಆರಂಭದಲ್ಲೇ ಸಾರುವೆವು.

ಹಬ್ಬದ ಊಟಕ್ಕೆ ಸಾಲ ಮಾಡಿ, ಆಮೇಲೆ ತಿಂಗಳುಗಟ್ಟಲೆ ತಿಳಿಸಾರು ಉಣ್ಣುವ ಕುಟುಂಬಗಳು ನಮ್ಮಲ್ಲಿವೆ. ಈ ಸಲದ ದೇವಾಲಯದ ಹಬ್ಬಕ್ಕೆ ಎಲ್ಲರೂ ಒಟ್ಟಿಗೆ ಕುಳಿತು ಮುದ್ದೆ, ಮೊಳಕೆ ಹುರುಳಿ ಸಾರು, ತಲೆಗೊಂದು ಮೊಟ್ಟೆ ಉಣ್ಣೋಣವೆಂದು ಪಾಲನಾ ಸಮಿತಿಯ ಮುಂದಿಟ್ಟೆವು. "ಹಬ್ಬಕ್ಕೆ ಹುರುಳಿಯೇ ಸ್ವಾಮಿ? ಬೀಗರು ಬಂದಿರ್ತಾರೆ," ಎಂದರು ಹಿರಿಯರೊಬ್ಬರು. ಮುಂದಿನ ಸಭೆಯಲ್ಲಿ ಮತ್ತೆ ಕೇಳುವೆವು. ಅಂದು ತಾಯಂದಿರನ್ನೂ ಕರೆದಿದ್ದೇವೆ.