ವಿಂಚೆಸ್ಟರ್ ಕೋವಿಯ ಸ್ತುತಿಪಾಠಕರಿಗೆ

ಕೆನೆತ್ ಆಂಡರ್ಸನ್ನರ ಬೇಟೆಯ ಕಥೆಗಳನ್ನು ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಮೇಲೆ, ನಮ್ಮ ಮನೆಗಳ ಹುಡುಗರಿಗೆ ಗಾಂಡೀವಕ್ಕಿಂತ .405 ವಿಂಚೆಸ್ಟರ್ ಕೋವಿಯ ಪರಿಚಯವೇ ಹೆಚ್ಚಾಗಿರುವುದು. ಅದರಲ್ಲಿ ತಪ್ಪಿಲ್ಲ. ಆದರೆ ಹಿರಿಯರೆನಿಸಿಕೊಂಡವರೂ ಆ ಯಂತ್ರದ ಚೆಲುವನ್ನು ಬೇಟೆಗಾರನ ಶೌರ್ಯದ ಲೆಕ್ಕಕ್ಕೆ ಜಮಾ ಮಾಡುತ್ತಿರುವುದನ್ನು ಕಂಡು ಸುಮ್ಮನಿರಲಾರೆನು.

ಚೆಲುವನ್ನು ನಾನು ಅಲ್ಲಗಳೆಯುವುದಿಲ್ಲ. ಹಿಡಿಯ ಕೆಳಗಿನ ಸನ್ನೆಯನ್ನು ಇಳಿಸಿ ಏರಿಸಿದರೆ ಬರಿದಾದ ತೋಟಾ ಹೊರಕ್ಕೆ ಹಾರಿ ಹೊಸತು ಬಂದು ಕೂರುವ ಕೋವಿಗಳು ಅಮೆರಿಕದಲ್ಲಿ ಮೊದಲೇ ಇದ್ದುವು. ಅವುಗಳಲ್ಲಿ ಸಾಮಾನ್ಯವಾಗಿ ತೋಟಾಗಳು ನಳಿಗೆಯ ಕೆಳಗಣ ಕೊಳವೆಯೊಳಗೆ ಸಾಲಾಗಿ ಮಲಗಿರುತ್ತಿದ್ದುವು. ಹಿಂದಣ ಗುಂಡಿನ ಮೂತಿ ಮುಂದಣ ತೋಟಾದ ಬುಡಕ್ಕೆ ತಾಗಿರುವುದರಿಂದ, ಗುಂಡು ಚೂಪಾಗಿದ್ದರೆ ಕೋವಿಯ ಒದೆತಕ್ಕೆ ಕೊಳವೆಯೊಳಗೇ ಸಿಡಿಯುವ ಭಯ. ಮೊಂಡು ಗುಂಡೇ ಗತಿಯಾಗಿತ್ತು. ಜಾನ್ ಬ್ರೌನಿಂಗ್ ಎಂಬ ಶಿಲ್ಪಿಯು 1895ರ ಮಾದರಿಯಲ್ಲಿ ಕೊಳವೆಯನ್ನು ತೆಗೆದುಹಾಕಿ, ಕೋವಿಯ ಹೊಟ್ಟೆಯಡಿಯಲ್ಲಿ ಪೆಟ್ಟಿಗೆಯೊಂದನ್ನಿಟ್ಟು ತೋಟಾಗಳನ್ನು ಒಂದರ ಮೇಲೊಂದಾಗಿ ಜೋಡಿಸಿದನು. ಅಷ್ಟೇ! ಒಳ್ಳೆಯ ಸೂತ್ರಕಾರನ ಲಾಘವವಿದು. 1904ರಲ್ಲಿ ಇದಕ್ಕೆ .405 ತೋಟಾ ಬಂದಿತು: ಸುಮಾರು 19 ಗ್ರಾಂ ತೂಕದ ಗುಂಡು, ಸೆಕೆಂಡಿಗೆ ಸುಮಾರು 2200 ಅಡಿ ವೇಗ. 1909ರಲ್ಲಿ ರೂಸ್‌ವೆಲ್ಟರು ಆಫ್ರಿಕಕ್ಕೆ ಒಯ್ದು ಸಿಂಹಗಳ ಮೇಲೆ ಪ್ರಯೋಗಿಸಿದರು. ಕೀರ್ತಿಗೆ ಬೇರೆ ಬೇಕೇ?

ಸ್ತುತಿಪಾಠಕರು ಬಾಯಿಬಿಡದ ಮಾತೊಂದಿದೆ. ಈ ಮಾದರಿಯ ಕೋವಿಗಳು ಒಟ್ಟಿನಲ್ಲಿ ತಯಾರಾದುದು 4 ಲಕ್ಷಕ್ಕೆ ಸ್ವಲ್ಪ ಹೆಚ್ಚು. ಅವುಗಳ ಪೈಕಿ 3 ಲಕ್ಷದಷ್ಟನ್ನು 1915ರಿಂದ 1917ರ ವರೆಗಿನ ಯುದ್ಧಕಾಲದಲ್ಲಿ ರಷ್ಯದ ಸೈನ್ಯಕ್ಕಾಗಿ ಮಾಡಿದರು. 'ಬೇಟೆಯ ಕೋವಿ'ಯೆಂದು ನಾವು ಮುದ್ದಿಸುವುದರ ಬಹುಭಾಗವು ಮನುಷ್ಯರ ಮೇಲೆ ಗುರಿಯಿಡಲೆಂದೇ ಹುಟ್ಟಿತು!

ಶಾಸ್ತ್ರಾಧಾರ ತೋರಿಸುವವರೂ ಇದ್ದಾರೆ. ಮನುವು ಕಾಮಜ ವ್ಯಸನಗಳಲ್ಲಿ ಮೃಗಯೆಯನ್ನೇ ಮೊದಲು ಎಣಿಸಿದ್ದಾನಲ್ಲಾ ಎಂದರೆ, ಕೌಟಿಲ್ಯನು ಅದನ್ನು ದ್ಯೂತಕ್ಕಿಂತ ಮೇಲೆಂದಿಲ್ಲವೇ, ಶಾಕುಂತಲದ ಸೇನಾಪತಿಯು ಹೊಗಳಿಲ್ಲವೇ ಎನ್ನುತ್ತಾರೆ. ಸೇನಾಪತಿಯು ಅರಸನ ಮನಸ್ಸನ್ನು ನೋಡಿ ಮಾತನಾಡುವವನು, ಅವನನ್ನು ಬಿಡೋಣ. ಕೌಟಿಲ್ಯನು ಹೇಳಿದ ಗುಣಗಳಾದರೋ ವ್ಯಾಯಾಮ, ಬೆವರು, ಚಲಿಸುವ ಗುರಿಯನ್ನು ಹೊಡೆಯುವ ಅಭ್ಯಾಸ. ಮಚಾನಿನ ಮೇಲೆ ಕಂಬಳಿ ಹೊದ್ದು, ಕಟ್ಟಿಹಾಕಿದ ಎಮ್ಮೆಗರುವಿನ ಬಳಿಗೆ ಹುಲಿ ಬರಲೆಂದು ಕಾಯುವವನಿಗೆ ಬೆವರೆಲ್ಲಿಂದ ಬರಬೇಕು? .405ರ ಒದೆತವು ಹೆಸರಾದುದು ನಿಜ. ವ್ಯಾಯಾಮವೇನಾದರೂ ಆದರೆ ಹೆಗಲಿಗೆ ಮಾತ್ರ.

ಆಂಡರ್ಸನ್ನರ ನರಭಕ್ಷಕಗಳ ಕಥೆಗಳನ್ನು ಈ ಮಾತಿಗೆ ಸೇರಿಸತಕ್ಕದ್ದಲ್ಲ. ಸೌದೆಗೆ ಹೋದ ಹೆಂಗಸು ಮರಳಿ ಬಾರದ ಊರಿನಲ್ಲಿ ಕೋವಿ ಹಿಡಿದವನನ್ನು ನಿಂದಿಸಲು ನನಗೆ ನಾಲಗೆ ಬಾರದು. ಅಲ್ಲಿಯೂ ನಮ್ಮನ್ನು ಹಿಡಿದು ನಿಲ್ಲಿಸುವುದು ಕೋವಿಯಲ್ಲ, ಕತ್ತಲಲ್ಲಿ ಕುಳಿತವನ ಭಯ.

1940ರ ಹೊತ್ತಿಗೆ ಇದರ ತಯಾರಿಕೆ ನಿಂತಿತು. ಬೋಲ್ಟಿನ ಕೋವಿಗಳು ಇದರ ಜಾಗವನ್ನು ಹಿಡಿದವೇ ಹೊರತು ಯಾರಿಗೂ ಕನಿಕರ ಹುಟ್ಟಲಿಲ್ಲ. ನಂತರ ಜಪಾನಿನಲ್ಲಿ ಇದರ ಪ್ರತಿಕೃತಿಗಳಾದುವು. ನಮ್ಮಲ್ಲಿ ಹುಲಿಗೆ ರಕ್ಷಣೆ ದೊರೆತುದು 1972ರ ಕಾಯಿದೆಯಿಂದ.

ಇಂಥ ಕೋವಿಗಳನ್ನು ಕರಗಿಸಬೇಕೆಂಬವರ ಪಕ್ಷವೂ ನನ್ನದಲ್ಲ. ವಸ್ತುಸಂಗ್ರಹಾಲಯದಲ್ಲಿ ಇಡಲಿ. ಕೆಳಗಿನ ಫಲಕದಲ್ಲಿ ಬ್ರೌನಿಂಗನ ಹೆಸರನ್ನೂ ಆ ಪೆಟ್ಟಿಗೆಯ ಯುಕ್ತಿಯನ್ನೂ ಮೊದಲು ಬರೆಯಲಿ, ಬಳಿಕ ರಷ್ಯಕ್ಕೆ ಹೋದ 3 ಲಕ್ಷವನ್ನು. ಕೊಂದವರ ಹೆಸರನ್ನು, ಸ್ಥಳ ಮಿಕ್ಕರೆ, ಸಣ್ಣ ಅಕ್ಷರದಲ್ಲಿ ಹಾಕಲಿ.